ನಿಕಲ್‌ನ ಆಯುಷ್ಯ

ಶಿರಸಿ ಸೀಮೆಯ ನಮ್ಮ ಮನೆಯ ಹಿಂದೆ, ಕೊಟ್ಟಿಗೆಗೂ ತೋಟದ ಧರೆಗೂ ನಡುವಿನ ಜಾಗದಲ್ಲಿ, ಅಡಿಕೆ ಸಿಪ್ಪೆಯ ರಾಶಿಯೊಂದು ನಾನು ಹುಟ್ಟುವುದಕ್ಕೆ ಮೊದಲಿನಿಂದಲೂ ಇದೆ. ಕೊನೆಕೊಯ್ಲು ಶುರುವಾಯಿತೆಂದರೆ ಮೆಟ್ಟುಗತ್ತಿಯ ಮುಂದೆ ಕುಳಿತವರು ರಾತ್ರಿ ಹನ್ನೊಂದರವರೆಗೂ ಸುಲಿಯುತ್ತಾರೆ. ಸುಲಿದ ಅಡಿಕೆ ಹಂಡೆಗೆ ಹೋಗುತ್ತದೆ, ಸಿಪ್ಪೆ ಬುಟ್ಟಿ ತುಂಬಿ ಹಿತ್ತಿಲಿಗೆ ಬರುತ್ತದೆ. ಹಸಿ ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ ಆಗಿರುವುದರಿಂದ ಎಷ್ಟು ಅಡಿಕೆ ಬೆಳೆದರೂ ಅದಕ್ಕಿಂತ ದೊಡ್ಡ ರಾಶಿ ಮನೆಯ ಹಿಂದೆ ಬೀಳುತ್ತದೆ. ಒಂದಷ್ಟು ಬಚ್ಚಲ ಒಲೆಗೆ ಉರಿಯಲು ಹೋಗುತ್ತದೆ, ಒಂದಷ್ಟನ್ನು ಅಡಿಕೆ ಮರದ ಬುಡಕ್ಕೆ ಹಾಕುತ್ತಾರೆ, ಉಳಿದದ್ದು ಮಳೆಗೆ ನೆನೆದು ಬಿಸಿಲಿಗೆ ಒಣಗಿ ಮತ್ತೆ ನೆನೆದು ವರ್ಷಗಟ್ಟಲೆ ಹಾಗೆಯೇ ಬಿದ್ದಿರುತ್ತದೆ, ಬೇಗ ಕೊಳೆಯುವುದೂ ಇಲ್ಲ. ಇದನ್ನೇ ಇಂಧನವಾಗಿಸುವ ಲೋಹದ ವೇಗವರ್ಧಕಗಳ (ತಾವು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ನಡೆಸಿಕೊಡುವ ವಸ್ತುಗಳ) ಮೇಲೆ ಕೆಲಸ ಮಾಡುತ್ತೇನೆಂದು ಮೊದಲ ಬಾರಿ ಮನೆಯಲ್ಲಿ ಹೇಳಿದಾಗ ಅಪ್ಪಯ್ಯ ಕವಳದ ತಟ್ಟೆಯಿಂದ ತಲೆಯೆತ್ತದೆ ಕೇಳಿದ್ದು ಒಂದೇ ಪ್ರಶ್ನೆ: “ಸಿಪ್ಪೆಲಿ ಎಣ್ಣೆ ಎಲ್ಲಿದ್ದೋ ತಮಾ?”

ಪ್ರಶ್ನೆ ಸರಿಯಾಗಿಯೇ ಇತ್ತು. ಸಿಪ್ಪೆಯಲ್ಲಿ ಎಣ್ಣೆ ಇಲ್ಲ. ಹೊನ್ನೆ ಬೀಜದಲ್ಲಿ, ಗೇರುಬೀಜದ ಚಿಪ್ಪಿನಲ್ಲಿ, ನಮ್ಮಲ್ಲಿ ತುಪ್ಪ ತೆಗೆಯುವ ಉಪ್ಪಾಗೆ ಬೀಜದಲ್ಲಿ ಇರುವಂಥದ್ದು ಯಾವುದೂ ಸಿಪ್ಪೆಯಲ್ಲಿ ಇಲ್ಲ. ಅಲ್ಲಿರುವುದು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ಮೂರು ದೊಡ್ಡ ಅಣುಜಾಲಗಳೇ ಹೆಚ್ಚು. ಇವು ಮೂರೂ ಇಂಗಾಲ, ಹೈಡ್ರೋಜನ್ ಮತ್ತು ಆಮ್ಲಜನಕದಿಂದಲೇ ಕಟ್ಟಿದವು, ಒಣ ಸಸ್ಯವಸ್ತುವಿನ ತೂಕದಲ್ಲಿ ಸುಮಾರು 40 ಪ್ರತಿಶತ ಆಮ್ಲಜನಕವೇ. ಡೀಸೆಲ್‌ನಲ್ಲಿ ಆಮ್ಲಜನಕ ಇಲ್ಲವೆಂದೇ ಹೇಳಬಹುದು. ಹೀಗಾಗಿ ಸಿಪ್ಪೆಯನ್ನು ಇಂಧನವಾಗಿಸುವುದೆಂದರೆ ಇಂಗಾಲವನ್ನು ಆದಷ್ಟು ಉಳಿಸಿಕೊಂಡು ಆಮ್ಲಜನಕವನ್ನು ಹೊರಗೆ ಕಳಿಸುವುದು. ಕೇಳುವುದಕ್ಕೆ ಸುಲಭವಾದ ಈ ಕೆಲಸಕ್ಕೆ ಲೋಹ ಬೇಕಾಗುತ್ತದೆ, ಮತ್ತು ಆ ಲೋಹ ಎಷ್ಟು ದಿನ ಬಾಳುತ್ತದೆ ಎಂಬಲ್ಲಿಗೆ ಎಲ್ಲವೂ ಬಂದು ನಿಲ್ಲುತ್ತದೆ.

ಮೊದಲ ಹಂತ ಪೈರಾಲಿಸಿಸ್. ಗಾಳಿ ತಾಗದಂತೆ ಮುಚ್ಚಿದ ಪಾತ್ರೆಯಲ್ಲಿ ಒಣ ಸಿಪ್ಪೆಯ ಪುಡಿಯನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದು ಉರಿಯುವುದಿಲ್ಲ, ಒಡೆಯುತ್ತದೆ. ಹೊರಟ ಹಬೆಯನ್ನು ಒಂದೆರಡು ಸೆಕೆಂಡುಗಳ ಒಳಗೆ ತಣಿಸಿದರೆ ಬಯೋ-ಆಯಿಲ್ ಎಂಬ ಕಂದುಬಣ್ಣದ ದ್ರವ ಸಿಗುತ್ತದೆ, ಪಾತ್ರೆಯಲ್ಲಿ ಇದ್ದಿಲು ಉಳಿಯುತ್ತದೆ. ದೊಡ್ಡ ಘಟಕಗಳಲ್ಲಿ, ಒಳ್ಳೆಯ ಕಟ್ಟಿಗೆಯಿಂದ, ತೂಕದ 70 ಪ್ರತಿಶತಕ್ಕೂ ಹೆಚ್ಚು ದ್ರವ ಸಿಗುವುದುಂಟು. ನಮ್ಮ ಪುಟ್ಟ ಸ್ಟೀಲ್ ಕೊಳವೆಯಲ್ಲಿ ಹಬೆ ನಿಧಾನವಾಗಿ ಹೊರಬರುವುದರಿಂದ 100 ಗ್ರಾಂ ಸಿಪ್ಪೆಗೆ 40 ಗ್ರಾಂ ದ್ರವ ಬಂದರೆ ಅದೇ ಹೆಚ್ಚು, ಅದರಲ್ಲೂ ಅರ್ಧದಷ್ಟು ನೀರು. ನೋಡುವುದಕ್ಕೆ ಅದು ಆಲೆಮನೆಯಿಂದ ಆಗಷ್ಟೇ ತಂದ ಜೋನಿಬೆಲ್ಲದಂತೆ ಇರುತ್ತದೆ. ಸ್ವಭಾವ ಮಾತ್ರ ಬೇರೆ: ವಿನೆಗರ್‌ನಷ್ಟು ಹುಳಿ, ಕಬ್ಬಿಣವನ್ನು ತಿನ್ನುತ್ತದೆ, ಡೀಸೆಲ್ ಜೊತೆ ಬೆರೆಯುವುದಿಲ್ಲ, ಬಾಟಲಿಯಲ್ಲಿ ಇಟ್ಟಲ್ಲೇ ತಿಂಗಳೊಪ್ಪತ್ತಿಗೆ ದಪ್ಪಗಾಗಿ ತಳದಲ್ಲಿ ಗಸಿ ಕಟ್ಟುತ್ತದೆ. ಒಂದು ಕಿಲೋ ಡೀಸೆಲ್ ಉರಿದರೆ 42 ಮೆಗಾಜೂಲ್‌ಗಳಷ್ಟು ಶಾಖ ಸಿಗುವುದಾದರೆ, ಒಳ್ಳೆಯ ಬಯೋ-ಆಯಿಲ್‌ನಿಂದಲೂ 16ರಿಂದ 19 ಮೆಗಾಜೂಲ್ ಮಾತ್ರ ಸಿಗುತ್ತದೆ. ಇದನ್ನು ನೇರವಾಗಿ ಪಂಪ್‌ಸೆಟ್ಟಿಗೆ ಹಾಕಬಹುದೇ ಎಂದು ಕೇಳುವ ನೆಂಟರಿಗೆ ನಾನು ಬಾಟಲಿಯ ಮುಚ್ಚಳ ತೆಗೆದು ಮೂಸಲು ಕೊಡುತ್ತೇನೆ.

ಆ ವಾಸನೆಯಲ್ಲಿ ಒಂದು ಎಳೆ ನಮಗೆಲ್ಲ ಚಿರಪರಿಚಿತ. ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟದಲ್ಲಿ, ಮಳೆಗಾಲದಲ್ಲಿ ಒಲೆಯ ಮೇಲೆ ಒಣಗಿಸಿದ ಬಟ್ಟೆಯಲ್ಲಿ, ಉಪ್ಪಾಗೆ ಸಿಪ್ಪೆಯಲ್ಲಿ ಕೂತಿರುವ ಹೊಗೆವಾಸನೆ ಅದು. ಕಟ್ಟಿಗೆಯ ಲಿಗ್ನಿನ್ ಒಡೆದಾಗ ಹುಟ್ಟುವ ಗ್ವಾಯಕಾಲ್ ಎಂಬ ಅಣುವಿಗೆ ಇದರಲ್ಲಿ ದೊಡ್ಡ ಪಾಲಿದೆ. ಆರು ಇಂಗಾಲಗಳ ಬೆಂಜೀನ್ ಉಂಗುರ, ಅದರ ಒಂದು ಮೂಲೆಯಲ್ಲಿ ಹೈಡ್ರಾಕ್ಸಿಲ್ ಗುಂಪು, ಪಕ್ಕದ ಮೂಲೆಯಲ್ಲಿ ಮೆಥಾಕ್ಸಿ ಗುಂಪು; ಎರಡರಲ್ಲೂ ಒಂದೊಂದು ಆಮ್ಲಜನಕ. ಲಿಗ್ನಿನ್‌ನ ಸ್ವಭಾವವನ್ನು ಒಂದು ಪುಟ್ಟ ಅಣುವಿನಲ್ಲಿ ತೋರಿಸುವುದರಿಂದ ಜಗತ್ತಿನ ಬಹುತೇಕ ಪ್ರಯೋಗಾಲಯಗಳು ಹೊಸ ವೇಗವರ್ಧಕವನ್ನು ಮೊದಲು ಇದರ ಮೇಲೆಯೇ ಪರೀಕ್ಷಿಸುತ್ತವೆ. ಇದು ಕರಗುವುದು 28 ಡಿಗ್ರಿಯ ಆಸುಪಾಸಿನಲ್ಲಿ. ಕಾರವಾರದ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಏಪ್ರಿಲ್ ತಿಂಗಳಿಡೀ ಅದು ಎಣ್ಣೆಯಂತೆ ತುಳುಕುತ್ತದೆ. ಒಮ್ಮೆ ಜನವರಿಯಲ್ಲಿ ಅದೇ ಬಾಟಲಿಯನ್ನು ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ಒಯ್ದಿದ್ದೆ, ಬೆಳಿಗ್ಗೆ ಎದ್ದು ನೋಡಿದರೆ ಕೊಬ್ಬರಿ ಎಣ್ಣೆಯ ಹಾಗೆ ಗಟ್ಟಿಯಾಗಿ ಕುಳಿತಿತ್ತು. ಆಯಿ ಅದನ್ನು ಬಿಸಿನೀರಿನ ತಪ್ಪಲೆಯಲ್ಲಿ ಇಟ್ಟು ಕರಗಿಸಿ ಕೊಟ್ಟು, ಆಮೇಲೆ ಆ ತಪ್ಪಲೆಯನ್ನು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.

ವೇಗವರ್ಧಕ ಎಂಬ ಪದದ ಬಗ್ಗೆ ನನ್ನದೊಂದು ತಕರಾರಿದೆ. ಕೆಲವು ಪಠ್ಯಗಳಲ್ಲಿ ಬರುವ ಕ್ರಿಯಾವರ್ಧಕ ಎಂಬ ಪದದ ಬಗ್ಗೆಯೂ ಅದೇ ತಕರಾರು. ಎರಡೂ ವೇಗದ ಕಡೆಗೆ ಕೈತೋರಿಸುತ್ತವೆ. ಆದರೆ ನಮ್ಮ ಕೆಲಸದಲ್ಲಿ ಲೋಹದಿಂದ ಬೇಕಾಗಿರುವುದು ಬರಿಯ ವೇಗವಲ್ಲ, ದಾರಿಯ ಆಯ್ಕೆ. ಕಾಯಿಸಿದರೆ ಬಯೋ-ಆಯಿಲ್ ಬೇಕಾದಷ್ಟು ವೇಗವಾಗಿ ಬದಲಾಗುತ್ತದೆ, ಏನಾಗಬಾರದೋ ಅದೇ ಆಗುತ್ತದೆ ಅಷ್ಟೆ. ಲೋಹದ ಮೇಲ್ಮೈ ಅಣುವನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬುದೇ ಇಲ್ಲಿನ ಮುಖ್ಯ ಲೆಕ್ಕ. ಸಡಿಲವಾಗಿ ಹಿಡಿದರೆ ಕ್ರಿಯೆ ನಡೆಯುವುದಿಲ್ಲ, ಬಿಗಿಯಾಗಿ ಹಿಡಿದರೆ ಅಣು ಬಿಟ್ಟು ಹೋಗುವುದೇ ಇಲ್ಲ. ಈ ತತ್ತ್ವಕ್ಕೆ ಫ್ರಾನ್ಸಿನ ಪಾಲ್ ಸಬಾಟಿಯೇ ಅವರ ಹೆಸರಿದೆ. ನುಣ್ಣನೆಯ ನಿಕಲ್ ಪುಡಿಯ ಮೇಲೆ ಹೈಡ್ರೋಜನ್ ಹಾಯಿಸಿ ಸಾವಯವ ಅಣುಗಳಿಗೆ ಅದನ್ನು ಸೇರಿಸುವುದನ್ನು ತೋರಿಸಿದ್ದಕ್ಕಾಗಿ ಅವರಿಗೆ 1912ರಲ್ಲಿ ನೊಬೆಲ್ ಬಹುಮಾನ ಬಂತು. ಅದೇ ರಸಾಯನಶಾಸ್ತ್ರ ಮುಂದೆ ಎಣ್ಣೆಯನ್ನು ಗಟ್ಟಿಯಾಗಿಸಿ ವನಸ್ಪತಿ ಮಾಡುವ ಕಾರ್ಖಾನೆಗಳಿಗೆ ಇಳಿಯಿತು. ತುಪ್ಪದ ಹೆಸರಿನಲ್ಲಿ ಡಾಲ್ಡಾ ಬಡಿಸಿದ ಮದುವೆ ಮನೆಗಳನ್ನು ನೆನಪಿಟ್ಟಿರುವ ಹಿರಿಯರು ಈಗಲೂ ನಮ್ಮಲ್ಲಿದ್ದಾರೆ. ಅವರಿಗೆ ನಿಕಲ್ ವೇಗವರ್ಧಕದ ಪರಿಚಯ ಬಹಳ ಹಿಂದೆಯೇ, ನಾಲಿಗೆಯ ಮೂಲಕವೇ ಆಗಿದೆ ಎಂದು ನಾನು ತಮಾಷೆ ಮಾಡುವುದುಂಟು.

ವೇಗವರ್ಧಕವನ್ನು ನಾವು ಹೇಗೆ ತಯಾರಿಸುತ್ತೇವೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ, ಏಕೆಂದರೆ ‘ಅತ್ಯಾಧುನಿಕ’ ಎಂಬ ವಿಶೇಷಣ ಕೇಳಿದವರು ದೊಡ್ಡ ದೊಡ್ಡ ಯಂತ್ರಗಳನ್ನು ಊಹಿಸಿಕೊಳ್ಳುತ್ತಾರೆ. ಪಿಂಗಾಣಿ ಬಟ್ಟಲಿನಲ್ಲಿ 9 ಗ್ರಾಂ ಬಿಳಿಯ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿ, ಲೋಹವನ್ನು ಹೊರುವ ಆಧಾರ ಇದೇ. ಮುಟ್ಟಿದರೆ ಮೈದಾ ಹಿಟ್ಟಿನಂತಿರುವ ಅದರ ಒಂದು ಗ್ರಾಂನೊಳಗೆ, ಕಣ್ಣಿಗೆ ಕಾಣದ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ, 200 ಚದರ ಮೀಟರ್‌ನಷ್ಟು ಮೇಲ್ಮೈ ಇರುತ್ತದೆ. ಕೊನೆಗೆ 10 ಪ್ರತಿಶತ ನಿಕಲ್ ಬೇಕೆಂದರೆ 1 ಗ್ರಾಂ ನಿಕಲ್ ಸೇರಿಸಬೇಕು. ಅದಕ್ಕೆ ನಿಕಲ್ ನೈಟ್ರೇಟ್‌ನ ಹಸಿರು ಹರಳುಗಳು 4.95 ಗ್ರಾಂ ಬೇಕಾಗುತ್ತವೆ. ಪುಡಿಯ ರಂಧ್ರಗಳು ಎಷ್ಟು ನೀರು ಹೀರಿಕೊಳ್ಳುತ್ತವೆಯೋ ಸರಿಯಾಗಿ ಅಷ್ಟೇ ನೀರಿನಲ್ಲಿ ಹರಳನ್ನು ಕರಗಿಸಿ, ಹನಿಹನಿಯಾಗಿ ಹಾಕುತ್ತ ಗಾಜಿನ ಕಡ್ಡಿಯಿಂದ ಕಲಸುತ್ತ ಹೋಗಬೇಕು. ಕಡೆಯ ಹನಿ ಬಿದ್ದಾಗ ಪುಡಿ ಇನ್ನೂ ಪುಡಿಯಾಗಿಯೇ ಇರಬೇಕು, ರೊಟ್ಟಿ ಹಿಟ್ಟಿಗೆ ನೀರು ಜಾಸ್ತಿಯಾದ ಹಾಗೆ ಮುದ್ದೆಯಾದರೆ ಲೋಹವೆಲ್ಲ ಹೊರಗೇ ಉಳಿದು ಒಣಗುವಾಗ ಒಂದೆಡೆ ಗುಂಪುಗಟ್ಟುತ್ತದೆ. ಮುಂದಿನದು 120 ಡಿಗ್ರಿಯಲ್ಲಿ ಒಣಗಿಸುವ, ಫರ್ನೇಸಿನಲ್ಲಿ ನಿಧಾನವಾಗಿ 450 ಡಿಗ್ರಿಗೆ ಏರಿಸುವ ಕೆಲಸ. ಆಗ ನೈಟ್ರೇಟ್ ಒಡೆದು ಕೆಂಗಂದು ಹೊಗೆ ಬರುತ್ತದೆ. ಅದು ವಿಷ, ಅದಕ್ಕೆ ಹೊಗೆಗೂಡು ಬೇಕೇ ಬೇಕು. ಬಟ್ಟಲಿನಲ್ಲಿ ಉಳಿಯುವುದು ಬೂದುಗಪ್ಪಿನ ನಿಕಲ್ ಆಕ್ಸೈಡ್. ಅದನ್ನು ಹೈಡ್ರೋಜನ್ ಹರಿವಿನಲ್ಲಿ ಮತ್ತೆ ಕಾಯಿಸಿದರೆ ಮಾತ್ರ ನಿಜವಾದ ಲೋಹ ಸಿಗುತ್ತದೆ, ಕೆಲವೇ ನ್ಯಾನೋಮೀಟರ್ ಅಗಲದ ಕಣಗಳಾಗಿ. ಇಷ್ಟು ಸಣ್ಣ ನಿಕಲ್ ಕಣಗಳು ಗಾಳಿ ಕಂಡರೆ ತಾವಾಗಿಯೇ ಕೆಂಡವಾಗುತ್ತವೆ. ಹೊರಗೆ ತೆಗೆಯುವ ಮೊದಲು ಬಲು ತೆಳುವಾದ ಆಮ್ಲಜನಕವನ್ನು ಹಾಯಿಸಿ ಕಣದ ಮೇಲೆ ಒಂದು ಪದರ ತುಕ್ಕು ಹಿಡಿಸಿ ಪಳಗಿಸುವುದು ಅದಕ್ಕೇ.

ಈ ಸರಳ ವಿಧಾನ ಕಾರವಾರದ ಜೂನ್ ತಿಂಗಳಿನಲ್ಲಿ ಎಷ್ಟು ಕೈಕೊಡುತ್ತದೆಂಬುದನ್ನು ನಾನು ಒಂದು ಇಡೀ ಮಳೆಗಾಲ ವ್ಯರ್ಥ ಮಾಡಿ ಕಲಿತೆ. ನಿಕಲ್ ನೈಟ್ರೇಟ್ ಗಾಳಿಯ ತೇವವನ್ನು ಎಳೆದುಕೊಳ್ಳುವ ಲವಣ. ಮಾನ್ಸೂನ್ ಶುರುವಾಗಿ ಗೋಡೆಗಳೇ ಬೆವರುತ್ತಿದ್ದ ಆ ವಾರಗಳಲ್ಲಿ, ಸರಿಯಾಗಿ ಮುಚ್ಚದ ಬಾಟಲಿಯೊಳಗಿನ ಹರಳುಗಳು ಮೊದಲು ಜಿಗುಟಾದವು, ಆಮೇಲೆ ಬಾಟಲಿಯ ಬುಡದಲ್ಲಿ ಹಸಿರು ಪಾನಕದಂತೆ ನಿಂತವು. ನಾನು ಮೇಲಿನ ಹರಳುಗಳನ್ನೇ ಆರಿಸಿ ತೂಗಿ, ತೂಕ ಸರಿಯಿದೆ ಎಂದುಕೊಂಡು ಮೂರು ಬಾರಿ ವೇಗವರ್ಧಕ ಮಾಡಿದೆ. ತೂಗಿದ್ದರಲ್ಲಿ ಒಂದು ಪಾಲು ಮಳೆಗಾಲದ ನೀರೇ ಆಗಿತ್ತು. ಮೂರೂ ಬಾರಿಯ ಫಲಿತಾಂಶಗಳು ಒಂದಕ್ಕೊಂದು ಹೊಂದದೆ ಹೋದಾಗ, ಕೊನೆಗೆ ಪದವಿ ತರಗತಿಯ ಹಳೆಯ ವಿಧಾನವನ್ನೇ ನೆಚ್ಚಿಕೊಂಡು, ಪುಡಿಯನ್ನು ಆಮ್ಲದಲ್ಲಿ ಕರಗಿಸಿ ಲೋಹವನ್ನು ಹಿಡಿದುಕೊಳ್ಳುವ ಇಡಿಟಿಎ ದ್ರಾವಣವನ್ನು ಬಣ್ಣ ಬದಲಾಗುವವರೆಗೆ ಹನಿಹನಿಯಾಗಿ ಹಾಕಿ ಅಳೆಯುವ ಟೈಟ್ರೇಶನ್ ಮಾಡಿ ನೋಡಿದೆ. ಮ್ಯುರೆಕ್ಸೈಡ್ ಸೂಚಕ ಹಳದಿಯಿಂದ ನೇರಳೆಗೆ ತಿರುಗಿದ್ದು ನಾನು ಎಣಿಸಿದ್ದಕ್ಕಿಂತ ಬಹಳ ಮೊದಲೇ. 10 ಪ್ರತಿಶತ ಎಂದು ಚೀಟಿ ಅಂಟಿಸಿದ್ದ ಪುಡಿಯಲ್ಲಿ ಇದ್ದದ್ದು 8ಕ್ಕೂ ಕಡಿಮೆ ನಿಕಲ್. ಅಂದಿನಿಂದ ನೈಟ್ರೇಟ್‌ನ ಹರಳನ್ನು ತೂಗುವುದನ್ನೇ ಬಿಟ್ಟು, ದ್ರಾವಣ ಮಾಡಿಟ್ಟು, ಅದರ ನಿಕಲ್ ಪ್ರಮಾಣವನ್ನು ಮೊದಲು ಅಳೆದು, ಆಮೇಲೆ ಪಿಪೆಟ್ಟಿನಿಂದ ಹಾಕುತ್ತೇನೆ. ಇದನ್ನು ಯಾವ ಪ್ರಬಂಧವೂ ಹೇಳಿಕೊಡಲಿಲ್ಲ. ಬಹುಶಃ ಒಣ ಹವೆಯ ಊರಿನವರಿಗೆ ಹೇಳಬೇಕೆಂದು ಅನ್ನಿಸಿರಲಿಕ್ಕಿಲ್ಲ.

ನಿಕಲ್ಲೇ ಏಕೆ ಎಂಬ ಪ್ರಶ್ನೆಗೆ ಉತ್ತರ ಅರ್ಧ ರಸಾಯನಶಾಸ್ತ್ರ, ಅರ್ಧ ಜೇಬು. ರುಥೇನಿಯಮ್, ಪಲ್ಲೇಡಿಯಮ್, ಪ್ಲಾಟಿನಮ್‌ಗಳು ಈ ಕೆಲಸವನ್ನು ಇನ್ನೂ ಕಡಿಮೆ ಶಾಖದಲ್ಲಿ ಚೆನ್ನಾಗಿ ಮಾಡುತ್ತವೆ, ಆದರೆ ಅವುಗಳ ಬೆಲೆ ನೋಡಿದರೆ ಸಿಪ್ಪೆಯ ವಿಷಯ ಮರೆತುಹೋಗುತ್ತದೆ. ಪೆಟ್ರೋಲಿಯಂ ಸಂಸ್ಕರಣಾಗಾರಗಳಲ್ಲಿ ಗಂಧಕ ತೆಗೆಯಲು ಬಳಸುವ ಕೋಬಾಲ್ಟ್-ಮಾಲಿಬ್ಡಿನಮ್ ಮತ್ತು ನಿಕಲ್-ಮಾಲಿಬ್ಡಿನಮ್ ಸಲ್ಫೈಡುಗಳು ಅಗ್ಗ ಮತ್ತು ಗಟ್ಟಿಮುಟ್ಟು. ಆದರೆ ಅವು ಕೆಲಸ ಮಾಡಬೇಕಾದರೆ ಸಲ್ಫೈಡ್ ರೂಪದಲ್ಲೇ ಉಳಿಯಬೇಕು. ಸಸ್ಯದ ಎಣ್ಣೆಯಲ್ಲಿ ಗಂಧಕ ಇಲ್ಲದಿರುವುದರಿಂದ ತಮ್ಮದೇ ಗಂಧಕ ಕಳೆದುಕೊಂಡು ಸೊರಗುತ್ತವೆ. ಹೀಗಾಗಿ ಗಂಧಕವಿಲ್ಲದ ಶುದ್ಧ ಇಂಧನ ಮಾಡಲು ಹೊರಟು, ಪ್ರತಿದಿನ ಹೊರಗಿನಿಂದ ಗಂಧಕವನ್ನು ಉಣಿಸುವ ವಿಚಿತ್ರಕ್ಕೆ ಬಂದು ನಿಲ್ಲುತ್ತೇವೆ. ನಿಕಲ್‌ಗೆ ಗಂಧಕದ ಹಂಗಿಲ್ಲ, ತದ್ವಿರುದ್ಧವಾಗಿ ಗಂಧಕ ಅದಕ್ಕೆ ವಿಷ. ಕ್ರಾಫ್ಟ್ ವಿಧಾನದಲ್ಲಿ ತಿರುಳು ತೆಗೆಯುವ ಕಾಗದದ ಗಿರಣಿಗಳಲ್ಲಿ ಮಿಗುವ ಲಿಗ್ನಿನ್ ಎಷ್ಟೇ ಧಾರಾಳವಾಗಿ ಸಿಕ್ಕರೂ ಅದರಲ್ಲಿ ಬೆರೆತ ಗಂಧಕದ ಕಾರಣಕ್ಕೆ ನಮ್ಮ ಪುಡಿಗೆ ಆಗಿಬರುವುದಿಲ್ಲ.

ನಿಕಲ್‌ನ ದೋಷ ಮತ್ತೊಂದು. ಅದು ಹೈಡ್ರೋಜನ್ ಅಣುವನ್ನು ಒಡೆಯುವುದರಲ್ಲಿ ಎಷ್ಟು ಹುಷಾರೋ, ಅದನ್ನು ಖರ್ಚು ಮಾಡುವುದರಲ್ಲಿ ಅಷ್ಟೇ ದುಂದು. ಬೆಂಜೀನ್ ಉಂಗುರಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪು ಅಂಟಿದ ಫಿನಾಲ್ ಅಣುವನ್ನು ತೆಗೆದುಕೊಳ್ಳಿ. ಅದರ ಆಮ್ಲಜನಕವನ್ನು ಮಾತ್ರ ಕಿತ್ತು ಬೆಂಜೀನ್ ಮಾಡಲು ಒಂದು ಹೈಡ್ರೋಜನ್ ಅಣು ಸಾಕು. ನಿಕಲ್ ಹಾಗೆ ಮಾಡುವುದಿಲ್ಲ. ಮೊದಲು ಉಂಗುರವನ್ನೇ ಹೈಡ್ರೋಜನ್‌ನಿಂದ ತುಂಬಿಸಿ, ಆಮೇಲೆ ಆಮ್ಲಜನಕಕ್ಕೆ ಕೈಹಾಕಿ, ನಾಲ್ಕು ಅಣು ಹೈಡ್ರೋಜನ್ ವೆಚ್ಚ ಮಾಡಿ ಸೈಕ್ಲೋಹೆಕ್ಸೇನ್ ಮಾಡುತ್ತದೆ. ನಿಕಲ್‌ಗೆ ಸ್ವಲ್ಪ ಕಬ್ಬಿಣ ಬೆರೆಸಿದರೆ ಈ ಚಾಳಿ ಕಡಿಮೆಯಾಗುತ್ತದೆ. ಕಬ್ಬಿಣಕ್ಕೆ ಆಮ್ಲಜನಕದ ಮೇಲೆ ಸೆಳೆತ ಹೆಚ್ಚು, ತುಕ್ಕು ಹಿಡಿಯುವ ಗುಣವೆಂದು ನಾವು ಬೈಯುವುದು ಅದನ್ನೇ. ಅಣುವಿನ ಆಮ್ಲಜನಕದ ತುದಿಯನ್ನು ಕಬ್ಬಿಣ ಹಿಡಿದುಕೊಳ್ಳುತ್ತದೆ, ಉಂಗುರ ಮೇಲ್ಮೈಯ ಮೇಲೆ ಮಲಗದೆ ಎದ್ದು ನಿಲ್ಲುತ್ತದೆ, ಪಕ್ಕದ ನಿಕಲ್ ಒಡೆದುಕೊಟ್ಟ ಹೈಡ್ರೋಜನ್ ಬಂದು ಆಮ್ಲಜನಕವನ್ನು ನೀರಾಗಿಸಿ ಒಯ್ಯುತ್ತದೆ. ಎರಡು ಲೋಹಗಳನ್ನು ಕೂಡಿಸುವುದರಲ್ಲಿ ಇರುವ ಸೊಗಸು ಇದು, ಮತ್ತು ನನ್ನನ್ನು ಈ ಕ್ಷೇತ್ರಕ್ಕೆ ಎಳೆದದ್ದೂ ಇದೇ ಚಿತ್ರ. ಒಂದೋ ನಾಲ್ಕೋ ಎಂಬ ವ್ಯತ್ಯಾಸ ಕಾಗದದ ಮೇಲೆ ಚಿಕ್ಕದು. ಆದರೆ ಈ ಇಂಧನದ ಬೆಲೆಯಲ್ಲಿ ಹೈಡ್ರೋಜನ್‌ನ ಪಾಲು ದೊಡ್ಡದು, ಮತ್ತು ಇಂದು ಹೈಡ್ರೋಜನ್ ಬಹುಪಾಲು ತಯಾರಾಗುವುದು ನೈಸರ್ಗಿಕ ಅನಿಲದಿಂದ. ನಮ್ಮ ಕರಾವಳಿಯ ಮಟ್ಟಿಗೆ ಒಂದು ಸಣ್ಣ ಆಸೆಯಿದೆ: ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡಾ ಮಾಡುವ ಬಿಣಗಾದಂಥ ಕಾರ್ಖಾನೆಗಳಲ್ಲಿ ಪ್ರತಿ ಟನ್ ಸೋಡಾದ ಜೊತೆ 25 ಕಿಲೋ ಹೈಡ್ರೋಜನ್ ತಾನಾಗಿಯೇ ಹುಟ್ಟುತ್ತದೆ. ಸಾಣಿಕಟ್ಟೆಯ ಗದ್ದೆಗಳಲ್ಲಿ ಉಪ್ಪಿನ ಗುಪ್ಪೆ ಕಂಡಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ.

ಇಷ್ಟೆಲ್ಲ ಸರಿಹೊಂದಿಸಿ, ನಿಕಲ್-ಕಬ್ಬಿಣದ ಪುಡಿಯನ್ನು ಡಬ್ಬಿಯಲ್ಲಿ ಭದ್ರಪಡಿಸಿ, ಅಧಿಕ ಒತ್ತಡದ ರಿಯಾಕ್ಟರ್ ಇರುವ ಹೊರಜಿಲ್ಲೆಯ ಪ್ರಯೋಗಾಲಯವೊಂದಕ್ಕೆ ರಾತ್ರಿ ಬಸ್ಸಿನಲ್ಲಿ ಒಯ್ದೆ. ಶುದ್ಧ ಗ್ವಾಯಕಾಲ್‌ನ ಮೇಲೆ ಅದು ಸೊಗಸಾಗಿ ಕೆಲಸ ಮಾಡಿತು. ನಾಲ್ಕು ಗಂಟೆಯಲ್ಲಿ ಬಾಟಲಿಯ ಹೊಗೆವಾಸನೆ ಹೋಗಿ ಪೆಟ್ರೋಲಿನಂಥ ವಾಸನೆ ಬಂತು. ಅಷ್ಟಕ್ಕೇ ನಿಲ್ಲಿಸಿ ಪ್ರಬಂಧ ಬರೆದಿದ್ದರೆ ನನಗೂ ಒಳ್ಳೆಯದಿತ್ತು. ಮರುದಿನ ಊರಿನ ಸಿಪ್ಪೆಯ ದ್ರವವನ್ನು ಹಾಕಿದೆವು. ಆರನೆಯ ಗಂಟೆಗೆ ಕೊಳವೆಯ ಎರಡು ತುದಿಗಳ ನಡುವಿನ ಒತ್ತಡದ ವ್ಯತ್ಯಾಸ ಏರತೊಡಗಿತು, ಹನ್ನೊಂದನೆಯ ಗಂಟೆಗೆ ಹರಿವು ನಿಂತೇಹೋಯಿತು. ತಣಿಸಿ ಬಿಚ್ಚಿದಾಗ ಒಳಗಿನ ಪುಡಿ ಪುಡಿಯಾಗಿ ಉಳಿದಿರಲಿಲ್ಲ; ಕರಿಯ ಕೊರಡಿನಂತೆ ಒಂದಾಗಿ ಕಟ್ಟಿತ್ತು, ಸ್ಕ್ರೂಡ್ರೈವರ್ ಹಾಕಿ ಕೆತ್ತಿ ತೆಗೆಯಬೇಕಾಯಿತು. ಆಲೆಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಾಕ ನೋಡುವವನು ಎರಡು ನಿಮಿಷ ಮೈಮರೆತರೆ ಕೊಪ್ಪರಿಗೆ ತಳ ಹಿಡಿಯುತ್ತದಲ್ಲ, ಅದೇ. ಸಿಪ್ಪೆಯ ದ್ರವದಲ್ಲಿ ಸಕ್ಕರೆಯ ಚೂರುಗಳೂ ಆಲ್ಡಿಹೈಡುಗಳೂ ತುಂಬಿರುತ್ತವೆ. ಏಕಾಏಕಿ 300 ಡಿಗ್ರಿ ಮೀರಿ ಕಾಯಿಸಿದರೆ ಹೈಡ್ರೋಜನ್ ಬಂದು ಅವನ್ನು ತಣಿಸುವ ಮೊದಲೇ ಒಂದಕ್ಕೊಂದು ಅಂಟಿಕೊಂಡು ಟಾರ್ ಆಗಿ, ಕಡೆಗೆ ಗಟ್ಟಿ ಇಂಗಾಲದ ಕೋಕ್ ಆಗುತ್ತವೆ. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ಪ್ರಯೋಗಾಲಯದಲ್ಲಿ ಡಗ್ಲಸ್ ಎಲಿಯಟ್ ಮತ್ತು ಜೊತೆಗಾರರು 1980ರ ದಶಕದಲ್ಲೇ ಇದಕ್ಕೆ ಉಪಾಯ ಕಂಡುಕೊಂಡಿದ್ದರು: ಮೊದಲು ಕಡಿಮೆ ಶಾಖದಲ್ಲಿ ಹೈಡ್ರೋಜನ್ ಕೊಟ್ಟು ದ್ರವವನ್ನು ಪಳಗಿಸಿ, ಆಮೇಲೆ ಮಾತ್ರ ಹೆಚ್ಚಿನ ಶಾಖಕ್ಕೆ ಒಡ್ಡುವ ಎರಡು ಹಂತದ ಕ್ರಮ. ಓದಿ ತಿಳಿದಿತ್ತು. ನಮ್ಮ ಲೋಹ ಚೆನ್ನಾಗಿದೆ, ಒಂದೇ ಹಂತದಲ್ಲಿ ದಾಟಿಬಿಡುತ್ತದೆ ಎಂಬ ಹುಮ್ಮಸ್ಸಿನಲ್ಲಿ ನಾನೇ ಅದನ್ನು ಕೈಬಿಟ್ಟಿದ್ದೆ.

ಕೋಕ್ ಹಿಡಿದ ವೇಗವರ್ಧಕವನ್ನು ಎಸೆಯುವುದಿಲ್ಲ, ಗಾಳಿ ಬಿಟ್ಟು ಕೋಕನ್ನು ಸುಟ್ಟು ಮತ್ತೆ ಬಳಸುತ್ತಾರೆ. ಇಲ್ಲಿ ಮುಂದಿನ ಗಂಡಾಂತರವಿದೆ. ನಿಕಲ್ ಕರಗುವುದು 1455 ಡಿಗ್ರಿಯಲ್ಲಿ. ಆದರೆ ಸುಮಾರು 590 ಡಿಗ್ರಿಯಲ್ಲೇ ಅದರ ಪರಮಾಣುಗಳು ಸಾಕಷ್ಟು ಚಲಿಸತೊಡಗಿ, ಸಣ್ಣ ಕಣಗಳು ಒಂದರೊಳಗೊಂದು ಸೇರಿ ದಪ್ಪಗಾಗುತ್ತವೆ. ಫರ್ನೇಸಿನ ಮೀಟರ್ 500 ತೋರಿಸುತ್ತಿದ್ದರೂ ಕೋಕ್ ಉರಿಯುವ ಜಾಗದಲ್ಲಿ ಶಾಖ ಅದಕ್ಕಿಂತ ಎಷ್ಟೋ ಮೇಲಿರಬಹುದು. ಕಣಗಳ ಗಾತ್ರದ ಸುಳಿವು ಕೊಡುವ ಎಕ್ಸ್-ರೇ ವಿವರ್ತನೆಯ ಚಿತ್ರದಲ್ಲಿ 44.5 ಡಿಗ್ರಿ ಕೋನದ ಹತ್ತಿರ ನಿಲ್ಲುವ ನಿಕಲ್‌ನ ಗೆರೆ, ಹೊಸ ಪುಡಿಯಲ್ಲಿ ಅಗಲವಾಗಿ ತಗ್ಗಾಗಿ ಇದ್ದದ್ದು, ಎರಡು ಬಾರಿ ಸುಟ್ಟ ಮೇಲೆ ಚೂಪಾಗಿ ಎತ್ತರಕ್ಕೆ ಬೆಳೆದದ್ದನ್ನು ಕಂಡೆ. ಚೂಪಾದ ಗೆರೆ ನೋಡಲು ಚಂದ, ಆದರೆ ಕಣ ದಪ್ಪವಾಗಿದೆ, ಮೇಲ್ಮೈ ಹೋಗಿದೆ ಎಂಬುದೇ ಅದರ ಅರ್ಥ. ಲೋಹವನ್ನು ಹೊತ್ತಿರುವ ಅಲ್ಯೂಮಿನಾಗೂ ಈ ಬಾಳು ಹಿತವಲ್ಲ. ಬಿಸಿನೀರಿನಲ್ಲಿ ಅದು ಬೋಹ್ಮೈಟ್ ಎಂಬ ಬೇರೆ ಖನಿಜವಾಗಿ ತಿರುಗಿ ತನ್ನ ರಂಧ್ರಗಳನ್ನು ಕಳೆದುಕೊಳ್ಳುತ್ತದೆ. ಆಮ್ಲಜನಕ ಹೊರಗೆ ಹೋಗುವುದೇ ನೀರಾಗಿ ಆದ್ದರಿಂದ ನೀರನ್ನು ತಪ್ಪಿಸಲು ಬರುವುದಿಲ್ಲ. ಅದರ ಬದಲು ಸಿಪ್ಪೆಯ ಇದ್ದಿಲನ್ನೇ ಆಧಾರವಾಗಿ ಬಳಸೋಣವೆಂದು ಒಂದು ವರ್ಷ ಅದರ ಹಿಂದೆ ಬಿದ್ದೆ. ಇದ್ದಿಲಿಗೆ ನೀರಿನ ಭಯವಿಲ್ಲ, ಮೇಲ್ಮೈ ಧಾರಾಳ, ಬೆಲೆ ಶೂನ್ಯ, ಜೊತೆಗೆ ಸಿಪ್ಪೆಯಿಂದಲೇ ಸಿಪ್ಪೆಯನ್ನು ಪರಿವರ್ತಿಸುತ್ತೇವೆ ಎಂದು ಹೇಳಿಕೊಳ್ಳುವ ಸೊಗಸು ಬೇರೆ. ಕೋಕ್ ಹಿಡಿದ ಮೇಲೆ ಹೊಳೆಯಿತು, ಕೋಕನ್ನು ಸುಡಲು ಹೋದರೆ ಇದ್ದಿಲೂ ಉರಿದುಹೋಗುತ್ತದೆ. ಈಗ ಜಿರ್ಕೋನಿಯಾಗೆ (ಜಿರ್ಕೋನಿಯಂ ಆಕ್ಸೈಡ್‌ಗೆ) ಬಂದು ನಿಂತಿದ್ದೇನೆ. ಅದು ನೀರನ್ನೂ ತಾಳುತ್ತದೆ, ಬೆಂಕಿಯನ್ನೂ ತಾಳುತ್ತದೆ, ಬೆಲೆ ಸ್ವಲ್ಪ ಹೆಚ್ಚು.

ಆದರೂ ಒಂದು ವಿಷಯ ಬಗೆಹರಿದಿರಲಿಲ್ಲ. ಕೋಕನ್ನು ಸುಟ್ಟು, ಲೋಹವನ್ನು ಮತ್ತೆ ಹೈಡ್ರೋಜನ್‌ನಲ್ಲಿ ಕಾಯಿಸಿ, ಎಲ್ಲ ಸರಿಪಡಿಸಿದ ಮೇಲೂ ಪುಡಿ ಮೊದಲಿನಂತೆ ಕೆಲಸ ಮಾಡುತ್ತಿರಲಿಲ್ಲ. ಅದಕ್ಕೆ ಕಾರಣ ಪೊಟ್ಯಾಶಿಯಂ. ಸಿಪ್ಪೆಯ ಬೂದಿಯಲ್ಲಿ ಅದು ಹೇರಳವಾಗಿದೆ, ಅಡಿಕೆ ಗಿಡ ಮಣ್ಣಿನಿಂದ ಎತ್ತಿಕೊಂಡದ್ದೇ. ಕೋಕಿನಂತೆ ಅದು ಉರಿದುಹೋಗುವುದಿಲ್ಲ, ಸುಟ್ಟಷ್ಟೂ ಉಳಿಯುತ್ತದೆ, ಆಧಾರದ ಆಮ್ಲೀಯ ಜಾಗಗಳ ಮೇಲೆ ಕೂತು ಬಿಡುತ್ತದೆ. ಪೈರಾಲಿಸಿಸ್‌ನ ಹಂತದಲ್ಲಿಯೂ ಅದರ ಕಾಟ ಇದ್ದೇ ಇದೆ. ಪೊಟ್ಯಾಶಿಯಂ ಹೆಚ್ಚಿದ್ದಷ್ಟೂ ಇದ್ದಿಲು ಮತ್ತು ಅನಿಲ ಹೆಚ್ಚುತ್ತವೆ, ದ್ರವ ಕಡಿಮೆಯಾಗುತ್ತದೆ. ಇದನ್ನು ಅಳೆಯಲು ಊರಿನಿಂದ ಎರಡು ಚೀಲ ಸಿಪ್ಪೆ ತರಿಸಿದ್ದೆ. ಒಂದನ್ನು ಅಪ್ಪಯ್ಯ ಆ ವರ್ಷದ ಕೊಯ್ಲಿನ ಒಣ ಸಿಪ್ಪೆಯಿಂದ ತುಂಬಿಸಿದ್ದರು, ಇನ್ನೊಂದು ಸಾಲದೆ ಬಂದಾಗ ಕೆಲಸದವರು ಹಳೆಯ ರಾಶಿಯ ಮೇಲಿನಿಂದ ತುಂಬಿದ್ದರು. ನನಗದು ಗೊತ್ತಿರಲಿಲ್ಲ. ಎರಡನೆಯ ಚೀಲದ ಬೂದಿ ಮೊದಲನೆಯದರ ಅರ್ಧವೂ ಬರದೆ ಹೋದಾಗ ತಕ್ಕಡಿಯ ಮೇಲೆಯೇ ಅನುಮಾನ ಬಂತು. ಹಿಂದಿನ ಅನುಭವದಿಂದ ಕಾರವಾರದ ಹವೆಯ ಮೇಲೂ ಬಂತು. ಕೊನೆಗೆ ಮನೆಗೆ ಫೋನ್ ಮಾಡಿದಾಗ ಗೊತ್ತಾಯಿತು. ಒಂದು ಮಳೆಗಾಲ ಪೂರ್ತಿ ನೆನೆದ ಸಿಪ್ಪೆಯದು ಆ ಚೀಲ. ನೀರಿನಲ್ಲಿ ಸುಲಭವಾಗಿ ಕರಗುವ ಪೊಟ್ಯಾಶಿಯಂ ಲವಣಗಳನ್ನು ಶಿರಸಿಯ ಮಳೆ ತೊಳೆದುಬಿಟ್ಟಿತ್ತು. ಸಿಪ್ಪೆಯನ್ನು ದುರ್ಬಲ ಆಮ್ಲದಲ್ಲಿ ತೊಳೆಯಬೇಕು, ಆ ತೊಳೆದ ನೀರನ್ನು ಶುದ್ಧಿ ಮಾಡಬೇಕು, ಅದಕ್ಕಿಷ್ಟು ಖರ್ಚು ಎಂದು ನಾನು ಪುಟಗಟ್ಟಲೆ ಬರೆದುಕೊಂಡಿದ್ದ ಕೆಲಸವನ್ನು ಹಿತ್ತಿಲಿನ ರಾಶಿ ಪ್ರತಿವರ್ಷ ಬಿಟ್ಟಿಯಾಗಿ ಮಾಡಿಸಿಕೊಳ್ಳುತ್ತಿತ್ತು. ಆ ರಾಶಿಯ ಕೆಳಗಿನ ಇಳಿಜಾರಿನಲ್ಲಿ ಹುಲ್ಲು ಯಾವಾಗಲೂ ದಟ್ಟವಾಗಿರುತ್ತದೆಂದು ಆಯಿ ಹೇಳುತ್ತಿದ್ದದ್ದು ಆಗ ನೆನಪಾಯಿತು.

ನೆನೆದ ಸಿಪ್ಪೆಯ ದ್ರವದ ಮೇಲೆ, ಎರಡು ಹಂತದ ಕ್ರಮದಲ್ಲಿ, ಜಿರ್ಕೋನಿಯಾ ಮೇಲಿನ ನಿಕಲ್-ಕಬ್ಬಿಣ 90 ಗಂಟೆ ಓಡಿತು. ಮೊದಲ ಗಂಟೆಯ ಸಾಧನೆಯಲ್ಲಿ ಇದು ಪ್ರಕಟವಾದ ಎಷ್ಟೋ ವೇಗವರ್ಧಕಗಳಿಗಿಂತ ಹಿಂದಿದೆ. ಹಾಗೆಂದೇ ಒಂದು ಪತ್ರಿಕೆಯ ವಿಮರ್ಶಕರು ಪ್ರಬಂಧವನ್ನು ಹಿಂದಿರುಗಿಸಿದರು. ಚಟುವಟಿಕೆ ಸಾಧಾರಣ, ಲೋಹದಲ್ಲಿ ಹೊಸತನ ಕಾಣುವುದಿಲ್ಲ ಎಂಬುದು ಅವರ ಮಾತು. ನನ್ನ ಅಸಮಾಧಾನವನ್ನು ಮುಚ್ಚಿಡುವುದಿಲ್ಲ. ನಮ್ಮ ಕ್ಷೇತ್ರದಲ್ಲಿ ಅತ್ಯಾಧುನಿಕ ಎಂಬ ಮಾತು ಹೆಚ್ಚಾಗಿ ಹೊಸ ಲೋಹಕ್ಕೆ, ಇನ್ನೂ ಚಿಕ್ಕ ಕಣಕ್ಕೆ, ಶುದ್ಧ ಗ್ವಾಯಕಾಲ್‌ನ ಮೇಲಿನ ನಾಲ್ಕು ಗಂಟೆಯ ದಾಖಲೆಗೆ ಸಲ್ಲುತ್ತದೆ. ಮದುಮಗನನ್ನು ಮದುವೆ ದಿನದ ಪೇಟ ನೋಡಿ ಅಳೆದ ಹಾಗೆ. ಕಾರ್ಖಾನೆಯಲ್ಲಿ ವೇಗವರ್ಧಕ ತಿಂಗಳುಗಟ್ಟಲೆ ಬಾಳಬೇಕು, ಕೋಕ್ ಹಿಡಿಯಬೇಕು, ಸುಡಿಸಿಕೊಳ್ಳಬೇಕು, ಮತ್ತೆ ಕೆಲಸಕ್ಕೆ ನಿಲ್ಲಬೇಕು. ಐದು ಸಲ ಸುಟ್ಟ ಮೇಲೆ ಉಳಿಯುವ ಸಾಮರ್ಥ್ಯವನ್ನೇ ಪ್ರಬಂಧದ ಮೊದಲ ಚಿತ್ರವಾಗಿ ಹಾಕಬೇಕೆಂದು ನನ್ನ ಹಟ. ಪ್ರಬಂಧ ಇನ್ನೂ ಅಲೆಯುತ್ತಿದೆ.

ಇದೆಲ್ಲ ಎಂದಾದರೂ ವಾಹನಕ್ಕೆ ಬರುತ್ತದೆಯೇ ಎಂದು ಕೇಳುವವರಿಗೆ ಎರಡು ಮಾತು. ಪಂಪಿನಲ್ಲಿ ಈಗ ಪೆಟ್ರೋಲಿಗೆ ಬೆರೆಸುವ ಎಥನಾಲ್ ಹುದುಗಿಸಿ ಮಾಡಿದ್ದು. ಪಾಣಿಪತ್‌ನಲ್ಲಿ 2022ರ ಆಗಸ್ಟ್‌ನಲ್ಲಿ ಲೋಕಾರ್ಪಣೆಯಾದ ಭತ್ತದ ಹುಲ್ಲಿನ ಘಟಕದಲ್ಲಿಯೂ ಕೆಲಸ ಮಾಡುವುದು ಕಿಣ್ವ ಮತ್ತು ಯೀಸ್ಟ್, ಲೋಹವಲ್ಲ. ಲೋಹದ ದಾರಿ ಹೆಚ್ಚು ಬೇಕಾಗುವುದು ಎಥನಾಲ್ ಸಲ್ಲದ ಕಡೆಗೆ, ಮುಖ್ಯವಾಗಿ ವಿಮಾನಕ್ಕೆ. 2018ರ ಆಗಸ್ಟ್ 27ರಂದು ಡೆಹ್ರಾಡೂನಿನಿಂದ ದೆಹಲಿಗೆ ಹಾರಿದ ವಿಮಾನದ ಒಂದು ಎಂಜಿನ್ನಿಗೆ, ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯಲ್ಲಿ ಜತ್ರೋಫಾ ಎಣ್ಣೆಯಿಂದ ವೇಗವರ್ಧಕದ ಮೂಲಕ ತಯಾರಿಸಿದ ಇಂಧನವನ್ನು ಬೆರೆಸಿ ಕೊಟ್ಟಿದ್ದರು. ಬೀಜದ ಎಣ್ಣೆಯಲ್ಲಿ ಆಮ್ಲಜನಕ ಕಡಿಮೆ, ಅಣುಗಳೂ ನೇರವಾದವು, ಆದ್ದರಿಂದ ಆ ದಾರಿ ಮೊದಲು ಗುರಿ ಮುಟ್ಟಿತು. ಸಿಪ್ಪೆ, ಹುಲ್ಲು, ಕಟ್ಟಿಗೆಗಳ ದಾರಿ ಅದಕ್ಕಿಂತ ಕಠಿಣ. ಅಮೆರಿಕದಲ್ಲಿ ಪೈನ್ ಕಟ್ಟಿಗೆಯಿಂದ ಇಂಧನ ಮಾಡಲು ದೊಡ್ಡ ಘಟಕ ಕಟ್ಟಿದ್ದ ಕಿಯೋರ್ ಕಂಪನಿ 2014ರಲ್ಲಿ ದಿವಾಳಿಯಾಯಿತು.

ಅಪ್ಪಯ್ಯನ ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಸಿಪ್ಪೆ ಕಸವಲ್ಲ ಎಂಬುದು ಅವರ ವಾದ. ತೋಟದಿಂದ ಬಂದದ್ದು ತೋಟಕ್ಕೆ ಹೋಗಬೇಕು. ಸೋಗೆ, ಹಾಳೆ, ಬೆಟ್ಟದ ಸೊಪ್ಪು, ಸಗಣಿಗಳ ಜೊತೆ ಸಿಪ್ಪೆಯೂ ಅದೇ ಲೆಕ್ಕದಲ್ಲಿ ಬರುತ್ತದೆ. ಎಲ್ಲ ಸಿಪ್ಪೆಯನ್ನೂ ಲಾರಿಗೆ ತುಂಬಿ ಕಳಿಸಿದರೆ ಬಚ್ಚಲ ಒಲೆಗೆ ಕಾಡಿನ ಕಟ್ಟಿಗೆ ಬರುತ್ತದೆ, ಉಪ್ಪಾಗೆ ಒಣಗಿಸುವವರು ಈಗಾಗಲೇ ಸಾಕಷ್ಟು ಕಟ್ಟಿಗೆ ಉರಿಸುತ್ತಿದ್ದಾರೆ. ಹಾಗಾಗಿ ನಾನು ಲೆಕ್ಕ ಹಾಕುವಾಗ ಮಿಕ್ಕ ಸಿಪ್ಪೆಯನ್ನು ಮಾತ್ರ ಹಿಡಿಯುತ್ತೇನೆ. ಗೊಬ್ಬರದ ದೃಷ್ಟಿಯಿಂದ ಸಿಪ್ಪೆಯಲ್ಲಿ ಬೆಲೆಬಾಳುವುದು ಹೆಚ್ಚಾಗಿ ಪೊಟ್ಯಾಶಿಯಮ್ಮೇ, ನಿಕಲ್‌ಗೆ ಬೇಡವಾದದ್ದೂ ಅದೇ, ಎಂದು ಅವರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರೆ ನೀರು ಎಂಗೆ, ಸಿಪ್ಪೆ ನಿಂಗೆ” (ನೀರು ನನಗೆ, ಸಿಪ್ಪೆ ನಿನಗೆ) ಎಂದರು.

ಈ ಸಲ ಮಿರ್ಗದ ಮಳೆ ಹಿಡಿಯುವ ಮೊದಲು ಧರೆಯ ಪಕ್ಕದಲ್ಲಿ ಹಳೆಯ ಅಡಿಕೆ ದಬ್ಬೆಗಳ ತಟ್ಟಿ ಕಟ್ಟಿ, ಅದರ ಮೇಲೆ ಆರು ಚೀಲದಷ್ಟು ಒಣ ಸಿಪ್ಪೆಯನ್ನು ಹರಡಿ, ಕೆಳಗೆ ಟಾರ್ಪಾಲು ಹಾಸಿ ನೀರು ಒಂದು ಡ್ರಮ್ಮಿಗೆ ಇಳಿಯುವಂತೆ ಮಾಡಿದ್ದೇವೆ. ಮೊದಲ ವಾರದ ನೀರು ಕಡು ಚಹಾದ ಬಣ್ಣದಲ್ಲಿತ್ತು, ಮೂರನೆಯ ವಾರಕ್ಕೆ ತಿಳಿಯಾಗುತ್ತ ಬಂತು. ವಾರಕ್ಕೊಂದು ಬಾಟಲಿ ನೀರು, ಒಂದು ಹಿಡಿ ಸಿಪ್ಪೆ ಕಾರವಾರಕ್ಕೆ ಬರುತ್ತಿದೆ. ಬೂದಿ ಎಲ್ಲಿಗೆ ಬಂದು ನಿಲ್ಲುತ್ತದೋ ಅಲ್ಲಿಗೆ ಸಿಪ್ಪೆಯನ್ನು ಎತ್ತಿ ಒಣಗಿಸುವುದು. ಡ್ರಮ್ಮಿನ ಉಳಿದ ನೀರನ್ನು ಅಪ್ಪಯ್ಯ ಕೊಡದಲ್ಲಿ ತುಂಬಿ ಬಾಳೆಯ ಬುಡಕ್ಕೆ ಹೊಯ್ಯುತ್ತಿದ್ದಾರೆ.